ಮೂವತ್ಮೂರಕ್ಕೆ ಪಾಸಾದ ಮಾಮಾ

2025ರ ಮೇ 2ನೇ ತಾರೀಖು ನಮ್ಮ ಜಿಲ್ಲೆ ಫೇಲಾಯಿತು. ಹುಡುಗರು ಫೇಲಾಗುವುದು ಹೊಸದೇನಲ್ಲ, ಜಿಲ್ಲೆಗೆ ಜಿಲ್ಲೆಯೇ ಫೇಲಾದರೆ ಅದರ ಗಮ್ಮತ್ತು ಬೇರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ 35 ಶೈಕ್ಷಣಿಕ ಜಿಲ್ಲೆಗಳು. ಎಲ್ಲಕ್ಕೂ ಮೇಲೆ ಶೇ 91.12 ತೆಗೆದ ದಕ್ಷಿಣ ಕನ್ನಡ, ಎಲ್ಲಕ್ಕೂ ಕೆಳಗೆ ಶೇ 42.43 ತೆಗೆದ ಕಲಬುರಗಿ. ಸೂಪರ್ ಮಾರ್ಕೆಟ್ ಬದಿಯ ಚಾದಂಗಡಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ಪೇಪರ್ ಮಡಿಚಿಟ್ಟು, "ಬಿಸಲಿನ ಡಿಗ್ರಿ, ಹುಡುಗರ ಪರ್ಸೆಂಟು ಎರಡೂ ಒಂದ ಬಂದಾವ ನೋಡ್ರಿ" ಎಂದರು. ಯಾರೂ ನಗಲಿಲ್ಲ. ಬಿಸಿಲಿಗೆ ನಗುವುದೂ ಒಂದು ಕೆಲಸವೇ.

ಒಂದು ಸಮಾಧಾನವಿತ್ತು. ಅದರ ಹಿಂದಿನ ವರ್ಷ ಆ ಕೊನೆಯ ಕುರ್ಚಿಯಲ್ಲಿ ಕೂತಿದ್ದದ್ದು ಯಾದಗಿರಿ. ಯಾದಗಿರಿ 2009ರ ಕೊನೆಯವರೆಗೂ ನಮ್ಮದೇ ಜಿಲ್ಲೆಯಲ್ಲಿತ್ತು. ಅಣ್ಣತಮ್ಮಂದಿರು ಪಾಲಾಗಿ ಬೇರೆ ಒಲೆ ಹೂಡಿದರೂ ಕೊನೆಯ ಸ್ಥಾನ ಮಾತ್ರ ಮನೆತನ ಬಿಟ್ಟು ಹೊರಗೆ ಹೋಗಿಲ್ಲವಲ್ಲ ಎಂಬುದೇ ಆ ಸಮಾಧಾನ.

ಕಾರಣ ಹುಡುಕುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಮೇಷ್ಟ್ರ ಕೊರತೆ, ಪುಣೆ-ಬೆಂಗಳೂರಿಗೆ ಗುಳೆ ಹೋಗುವ ಅಪ್ಪ-ಅವ್ವಂದಿರು, ಮೊಬೈಲು, ಬಿಸಿಲು, ನಿಜಾಮ, ಎಲ್ಲವೂ ಸರದಿಯ ಮೇಲೆ ಬಂದು ಹೋದವು. ನಿಜವಾದ ಕಾರಣವನ್ನು ಮೆಲ್ಲಗೆ ಹೇಳಿದವನು ಚಾ ಸೋಸುತ್ತಿದ್ದ ಹುಡುಗ: "ಕ್ಯಾಮೆರಾ ರೀ." 2024ರಿಂದ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಬಂದಿದೆ. ಕೋಣೆಯಲ್ಲಿ ಯಾರು ತಲೆ ತುರಿಸಿಕೊಂಡರೂ ದೂರದಲ್ಲಿ ಕೂತ ಸಾಹೇಬರಿಗೆ ಕಾಣುತ್ತದೆ. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಅಂದರೆ ಹಿಂದೆ ಪಾಸಾಗುತ್ತಿದ್ದವರಲ್ಲಿ ಒಂದಿಷ್ಟು ಮಂದಿ ಒಬ್ಬೊಬ್ಬರೇ ಪಾಸಾಗುತ್ತಿರಲಿಲ್ಲ. ಕಾಂಪೌಂಡ್ ಹತ್ತಿದ ಅಣ್ಣ, ಕಿಟಕಿಯ ಕೆಳಗೆ ಬಗ್ಗಿದ ಗೆಳೆಯ, ಉತ್ತರ ಬರೆದುಕೊಟ್ಟ ಟ್ಯೂಷನ್ ಮಾಸ್ತರ, ಎಲ್ಲರೂ ಸೇರಿ ಕೂಡುಕುಟುಂಬದಂತೆ ಪಾಸಾಗುತ್ತಿದ್ದರು. ಮಾರ್ಕ್ಸ್ ಕಾರ್ಡಿನ ಮೇಲೆ ಒಬ್ಬನದೇ ಹೆಸರು ಬರುತ್ತಿತ್ತು, ಅಷ್ಟೆ.

ಇದಾದ ಐದಾರು ತಿಂಗಳಿಗೆ, ಅಕ್ಟೋಬರಿನಲ್ಲಿ, ಸರಕಾರ ಇನ್ನೊಂದು ಸುದ್ದಿ ಕೊಟ್ಟಿತು. ಇನ್ನು ಮೇಲೆ ಪಾಸಾಗಲು ಒಟ್ಟು ಶೇ 33 ಸಾಕು. 625ಕ್ಕೆ 206 ಬಂದರೆ ಆಯಿತು, ಒಂದೊಂದು ವಿಷಯದಲ್ಲಿ 30ಕ್ಕಿಂತ ಕಡಿಮೆ ಇರಬಾರದು. ತಜ್ಞರು ಪರ-ವಿರೋಧ ಮಾತಾಡಿದರು. ನನಗೆ ಅದೇ ಸಂಜೆ ಕಮಲಾಪುರದಿಂದ ನಮ್ಮ ಸೋದರಮಾವನ ಫೋನು ಬಂತು.

"ತಮ್ಮಾ, ಟೀವ್ಯಾಗ ಹೇಳ್ಲತ್ತಾರಲ್ಲ, ಅದು ಖರೆ ಏನು?"

"ಯಾವುದು ಮಾಮಾ?"

"ಮೂವತ್ಮೂರಕ್ಕ ಪಾಸ್ ಅಂತ. ಹಂಗಾದ್ರ ನಾ ಪಾಸ್ ಆದ್ನೇನು?"

ಮಾಮಾ ಎಸ್ಸೆಸ್ಸೆಲ್ಸಿಗೆ ಕೂತದ್ದು 1979ರಲ್ಲಿ. ಗಣಿತದಲ್ಲಿ ಬಿದ್ದದ್ದು ಮೂವತ್ಮೂರು. ಉಳಿದ ಎಲ್ಲ ವಿಷಯ ಪಾಸು. ಆಗ ಮೂವತ್ತೈದು ಬೇಕಿತ್ತು. ಆ ಎರಡು ಅಂಕದ ಕತೆ ನಮ್ಮ ತಾಯಿಯ ತವರಿನಲ್ಲಿ ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಪಾರಾಯಣವಾಗುತ್ತಿತ್ತು. ಪೇಪರ್ ತಿದ್ದಿದ ಮಾಸ್ತರನ ಕೈ ಯಾಕೆ ಹಿಡಿಯಿತು, ಎರಡು ಹಾಕಿದ್ದರೆ ಅವನ ಮನೆಯ ಗಂಟೇನು ಹೋಗುತ್ತಿತ್ತು ಎಂದು ನಮ್ಮ ಅಜ್ಜಿ ಕೊನೆಯವರೆಗೂ ಶಪಿಸುತ್ತಿದ್ದಳು. ಮಾಮಾ ಮಾತ್ರ ಸಪ್ಲಿಮೆಂಟರಿ ಕಟ್ಟಲಿಲ್ಲ. ಒಮ್ಮೆ ಬಿದ್ದ ಬಾವಿಗೆ ಮತ್ತೆ ಯಾಕೆ ಇಣುಕಬೇಕು ಎಂದು ತೋಟಕ್ಕೆ ಹೋದ.

ಅವನ ಅಣ್ಣ, ನಮ್ಮ ದೊಡ್ಡ ಮಾಮಾ, ಮನೆಯ ಪಾಸಾದ ಮಗ. ಮೆಟ್ರಿಕ್ ಪಾಸು ಮಾಡಿ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನಲ್ಲಿ ಗುಮಾಸ್ತನಾಗಿ ಸೇರಿದ್ದ. ಮೆಹಬೂಬ್ ಶಾಹಿ ಕುಲಬರ್ಗಾ ಮಿಲ್ಸ್ ಎಂಬ ಆ ಉದ್ದನೆಯ ಹೆಸರು ಹತ್ತೊಂಬತ್ತನೇ ಶತಮಾನದ್ದು. ಜನಕ್ಕೆ ಅದು ಬರೀ 'ಮಿಲ್ಲು'. ಊರಿಗೆ ಗಡಿಯಾರ ಅಂದರೆ ಮಿಲ್ಲಿನ ಭೋಂಗಾ. ಭೋಂಗಾ ಕೂಗಿದರೆ ರೊಟ್ಟಿ ಬಡಿಯುವ ಕೈ ಚುರುಕಾಗುತ್ತಿತ್ತು. ಮಿಲ್ಲಿನ ನೌಕರಿ ಎಂದರೆ ಪಗಾರ, ಬೋನಸ್ಸು, ಕ್ವಾರ್ಟರ್ಸು. ಹೆಣ್ಣು ಕೊಡುವವರು ಹುಡುಗನ ಮುಖ ಆಮೇಲೆ ನೋಡುತ್ತಿದ್ದರು. ದೊಡ್ಡ ಮಾಮಾ ರಜೆಗೆ ಊರಿಗೆ ಬಂದರೆ ಇಸ್ತ್ರಿ ಮಾಡಿದ ಶರ್ಟು, ಕಿಸೆಯಲ್ಲಿ ಪೆನ್ನು. ಅದೇ ಹೊತ್ತಿಗೆ ಸಣ್ಣ ಮಾಮಾ ಮೊಣಕಾಲು ಮಟ ಕೆಸರಿನಲ್ಲಿ ಬಾಳೆಗೆ ನೀರು ತಿರುವುತ್ತಾ ನಿಂತಿರುತ್ತಿದ್ದ. ಯಾರು ಗೆದ್ದವರು, ಯಾರು ಸೋತವರು ಎಂದು ಕೇಳಬೇಕಾದ್ದೇ ಇರಲಿಲ್ಲ. ಚಪ್ಪಲಿ ನೋಡಿದರೆ ಗೊತ್ತಾಗುತ್ತಿತ್ತು.

ಮುಂದೆ ಮಿಲ್ಲು ನಿಂತಿತು. ಭೋಂಗಾ ನಿಂತಿತು. ಪಾಸಾದ ಮಗ ಇಸ್ತ್ರಿ ಶರ್ಟು ತಗೊಂಡು ಕಮಲಾಪುರಕ್ಕೆ ವಾಪಸು ಬಂದು ಫೇಲಾದ ತಮ್ಮನ ತೋಟದಲ್ಲಿ ಗೊನೆ ತೂಗಿ ಲೆಕ್ಕ ಬರೆಯತೊಡಗಿದ. ಗಣಿತ ಅವನದು ಚಲೋ ಇತ್ತು. ಇದರಲ್ಲಿ ನೀತಿಕತೆ ಹುಡುಕುವವರಿಗೆ ಮೊದಲೇ ಹೇಳಿಬಿಡುತ್ತೇನೆ: ತಮ್ಮ ಅಣ್ಣನನ್ನು ಒಂದು ದಿನವೂ ಹಂಗಿಸಲಿಲ್ಲ, ಅಣ್ಣ ತಮ್ಮನ ಮುಂದೆ ಒಂದು ದಿನವೂ ಕುಗ್ಗಲಿಲ್ಲ. ಸಂಜೆ ಇಬ್ಬರೂ ಕೂಡಿ ಎಲೆ ಅಡಿಕೆ ಹಾಕುತ್ತಿದ್ದರು. ಪಾಸು ಫೇಲಿನ ನೆನಪು ಮಾಡುತ್ತಿದ್ದವರು ಬಂಧುಗಳು ಮಾತ್ರ. ಬಂಧುಗಳು ಇರುವುದೇ ಅದಕ್ಕೆ.

ಆ ಮಿಲ್ಲಿನ ಮಾತು ಬಂದಾಗ ನನಗೆ ಗೀತಾ ನಾಗಭೂಷಣ ನೆನಪಾಗುತ್ತಾರೆ. ನಮ್ಮ ದೊಡ್ಡ ಮಾಮಾ ಗುಮಾಸ್ತನ ಮೇಜಿನಲ್ಲಿದ್ದ. ಮಿಲ್ಲಿನ ಯಂತ್ರಗಳ ನಡುವೆ ಕೂಲಿಯಾಗಿ ದುಡಿದವರು ಗೀತಾ ಅವರ ತಂದೆ. ಸಾವಳಗಿಯ ಬಡ ಕುಟುಂಬದ ಆ ಹುಡುಗಿ ಮೆಟ್ರಿಕ್ ಮುಗಿಸಿ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ಬಿ.ಎ. ಓದಿ, ಎಂ.ಎ. ಓದಿ, ಮೇಷ್ಟ್ರಾಗಿ, ಕಾದಂಬರಿಗಳ ಮೇಲೆ ಕಾದಂಬರಿ ಬರೆದರು. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಗುಮಾಸ್ತಿಕೆ ಸಿಕ್ಕ ದಿನವೇ ಬೀದಿಯವರೆಲ್ಲ "ಹುಡುಗಿ ದಡ ಮುಟ್ಟಿದಳು" ಅಂದಿರಬೇಕು. ಆಕೆ ಅದನ್ನು ದಡ ಎಂದು ಒಪ್ಪಿಕೊಳ್ಳಲಿಲ್ಲ. ಬೀದಿಯ ಲೆಕ್ಕದಲ್ಲಿ ನೌಕರಿ ಸಿಕ್ಕ ಮೇಲೂ ಓದುವವರಿಗೆ ತಲೆ ಸರಿಯಿಲ್ಲ ಅಂತಲೇ ಅರ್ಥ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮುತ್ಯಾನ ಕತೆ ಇದೆ. ಅವನದು ನಿಜಾಮನ ಕಾಲದ ಓದು. ಆಗ ಹೈದರಾಬಾದ್ ಸಂಸ್ಥಾನದಲ್ಲಿ ಕಚೇರಿ ಉರ್ದು, ಕೋರ್ಟು ಉರ್ದು, ಸಾಲಿಯೂ ಬಹುಪಾಲು ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯವೂ ಉರ್ದುವಿನಲ್ಲಿ, ಕಾಯ್ದೆಯೂ ಉರ್ದುವಿನಲ್ಲಿ. ಮುತ್ಯಾ ಮನೆಯಲ್ಲಿ ಕನ್ನಡ ಮಾತಾಡಿ, ಸಾಲಿಯಲ್ಲಿ ಉರ್ದು ಕಲಿತು, ಅಕ್ಷರ ಮುತ್ತಿನಂತೆ ಬರೆದು, ಕಚೇರಿಯಲ್ಲಿ ಮುನ್ಷಿಯಾಗಿದ್ದ. ಊರಲ್ಲಿ ಅವನಷ್ಟು ಓದಿದವರಿರಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಹೊಸ ಸಾಹೇಬರು ಬಂದರು, ಹೊಸ ಫೈಲುಗಳು ಬಂದವು, ಕನ್ನಡ ಇಂಗ್ಲಿಷಿನಲ್ಲಿ. ಊರಿನ ಅತಿ ಓದಿದ ಮನುಷ್ಯ ಕೆಲವೇ ವರ್ಷಗಳಲ್ಲಿ ತನಗಿಂತ ಸಣ್ಣ ಹುಡುಗರಿಂದ ಅರ್ಜಿ ಬರೆಸಿಕೊಳ್ಳುವಂತಾಯಿತು. ಕೇಳಿದರೆ ಮುತ್ಯಾ ಬೇಜಾರಿಲ್ಲದೆ ಹೇಳುತ್ತಿದ್ದನಂತೆ: "ನಂದು ಪರೀಕ್ಷೆ ಮುಗದದ. ಸರಕಾರಂದ ಬದಲಾಗ್ಯದ."

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಹೊಲ ಮನೆಯ ವ್ಯಾಜ್ಯ ಕೋರ್ಟಿಗೆ ಹೋದಾಗ ಹಳೆಯ ಕಾಗದ ಪೆಟ್ಟಿಗೆಯಿಂದ ಹೊರಗೆ ಬರುತ್ತವೆ. ಅವೆಲ್ಲ ಉರ್ದು. ಕಾನ್ವೆಂಟಿನಲ್ಲಿ ಓದಿದ ವಕೀಲರಿಗೆ ಅದು ತಲೆಕೆಳಗೋ ಅಡ್ಡವೋ ತಿಳಿಯುವುದಿಲ್ಲ. ಮುಪ್ಪಿನ ಮುತ್ಯಾನ ಕಟ್ಟೆಯ ಮುಂದೆ ಮತ್ತೆ ಜನ ಬಂದು ಕೂತರು. ಕನ್ನಡಕ ಏರಿಸಿ, ಕಾಗದ ದೂರ ಹಿಡಿದು, ಯಾರ ಬಾಂದು ಎಲ್ಲಿದೆ ಎಂದು ಓದಿ ಹೇಳುವ ಗತ್ತಿಗೆ ವಕೀಲರೇ ಎದ್ದು ನಿಲ್ಲುತ್ತಿದ್ದರು. ಒಂದೇ ಓದು, ಒಂದೇ ಮನುಷ್ಯ. ಒಮ್ಮೆ ಪಾಸು, ಒಮ್ಮೆ ಫೇಲು, ಮತ್ತೆ ಪಾಸು. ಅವನು ಮಾತ್ರ ಕೂತ ಕಟ್ಟೆ ಬಿಟ್ಟು ಅಲುಗಾಡಿರಲಿಲ್ಲ.

ಇದನ್ನೆಲ್ಲ ಈಗಿನ ತಾಯಿತಂದೆಯರಿಗೆ ಹೇಳಲು ಹೋದರೆ ಅವರು ನಿಲ್ಲುವುದಿಲ್ಲ, ಗಾಡಿ ಸ್ಟಾರ್ಟ್ ಇಟ್ಟೇ ಮಾತಾಡುತ್ತಾರೆ, ಮಗನನ್ನು ಕೋಚಿಂಗಿಗೆ ಬಿಡಬೇಕು. ನಮ್ಮೂರಿಗೆ 1958ರಲ್ಲಿ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು ಬಂತು, 1963ರಲ್ಲಿ ಎಂ.ಆರ್. ಮೆಡಿಕಲ್ ಕಾಲೇಜು ಬಂತು. ಅಂದಿನಿಂದ ಇಲ್ಲಿ ಮನುಷ್ಯರಲ್ಲಿ ಮೂರು ಜಾತಿ: ಡಾಕ್ಟರು, ಎಂಜಿನಿಯರು ಮತ್ತು "ನಿಮ್ಮ ಹುಡುಗ ಏನ್ ಮಾಡ್ತಾನ್ರೀ?" ಎಂದು ಕೇಳಿಸಿಕೊಳ್ಳುವವರು. ಜೂನಿನಲ್ಲಿ ಸೇಡಂ ರಸ್ತೆಗೆ ಬಂದು ನೋಡಿ. ಕಂಬಕ್ಕೊಂದು ಫ್ಲೆಕ್ಸು, ಫ್ಲೆಕ್ಸಿನಲ್ಲಿ ಪಾಸ್‌ಪೋರ್ಟ್ ಫೋಟೋದ ಮಕ್ಕಳು. ಒಬ್ಬಳೇ ಹುಡುಗಿ ಒಂದಕ್ಕಿಂತ ಹೆಚ್ಚು ಕೋಚಿಂಗಿನ ಫ್ಲೆಕ್ಸುಗಳಲ್ಲಿ ನಗುತ್ತಿರುವುದನ್ನು ನಾನು ಕಂಡಿದ್ದೇನೆ. ಎಲ್ಲರೂ ಆಕೆಯನ್ನು ತಾವೇ ತಯಾರು ಮಾಡಿದ್ದಾಗಿ ಹೇಳುತ್ತಾರೆ. ಫೇಲಾದವರನ್ನು ತಯಾರು ಮಾಡಿದವರು ಯಾರು ಎಂಬುದಕ್ಕೆ ಫ್ಲೆಕ್ಸು ಬಿದ್ದಿಲ್ಲ.

ಇನ್ನು ಯಾವ ಪಾಸಿನಲ್ಲೂ ಸಿಗದ ಸುಖ ಸರಕಾರಿ ನೌಕರಿಯದು. ಅದಕ್ಕಾಗಿ ನಮ್ಮ ಊರಿನ ಹೆಸರು ರಾಜ್ಯಕ್ಕೆಲ್ಲ ತಿಳಿದದ್ದೂ ಉಂಟು. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಕಲಬುರಗಿಯ ಒಂದು ಕೇಂದ್ರದಲ್ಲಿ ಅಭ್ಯರ್ಥಿಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಬೇರೆಯವರು ಓಎಂಆರ್ ಹಾಳೆ ತುಂಬಿದ್ದು, ಕಿವಿಯೊಳಗೆ ಬ್ಲೂಟೂತ್ ಪಾಠ ಹೇಳಿದ್ದು ತನಿಖೆಯಲ್ಲಿ ಹೊರಬಿತ್ತು. 2022ರ ಏಪ್ರಿಲಿನಲ್ಲಿ ಇಡೀ ಆಯ್ಕೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದದ್ದಕ್ಕೆ ಪೇಢೆ ಹಂಚಿದ ಮನೆಗಳ ಗತಿ ನೆನೆಸಿಕೊಳ್ಳಿ. ನನಗೆ ಹೊಟ್ಟೆ ಉರಿದದ್ದು ನ್ಯಾಯವಾಗಿ ಬರೆದು ಪಾಸಾಗಿ, ಕಳ್ಳರ ಜೊತೆ ತಾವೂ ಫೇಲಾದ ಹುಡುಗರಿಗಾಗಿ. ವಯಸ್ಸಿನ ಮಿತಿ ಹತ್ತಿರ ಬಂದವರು, ನಿಶ್ಚಯ ಮಾಡಿಕೊಂಡಿದ್ದವರು ಅವರಲ್ಲಿದ್ದರು. ಅವರು ಎಲ್ಲಿ ಎಡವಿದರು ಎಂದು ಯಾವ ಮಾಸ್ತರ ಹೇಳಬೇಕು?

ಹಾಗಂತ ಸೋಲನ್ನು ಹೊಗಳುವವರ ಗುಂಪಿಗೂ ನಾನು ಸೇರಲಾರೆ. ಕಾಲೇಜುಗಳಿಗೆ ಬಂದು ಮೈಕು ಹಿಡಿದು ಅಡ್ಡಾಡುತ್ತಾ "ಕಾಲೇಜು ಬಿಟ್ಟವರೇ ಜಗತ್ತು ಆಳ್ಲತ್ತಾರ" ಎನ್ನುವ ಭಾಷಣಕಾರರಿದ್ದಾರಲ್ಲ, ಅವರ ಲೆಕ್ಕದಲ್ಲಿ ಒಂದು ಮೋಸವಿದೆ. ಕಾಲೇಜು ಬಿಟ್ಟು ಕಂಪನಿ ಕಟ್ಟಿದವನೊಬ್ಬನ ಹೆಸರು ಹೇಳುತ್ತಾರೆ. ಕಾಲೇಜು ಬಿಟ್ಟು ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿರುವ ನಮ್ಮ ಆಳಂದ, ಚಿಂಚೋಳಿ, ಜೇವರ್ಗಿಯ ಹುಡುಗರ ಹೆಸರು ಹೇಳುವುದಿಲ್ಲ. ಆ ಹುಡುಗರು ಭಾಷಣ ಮಾಡುವುದಿಲ್ಲ, ರಾತ್ರಿ ರೈಲಿನ ಜನರಲ್ ಡಬ್ಬಿಯಲ್ಲಿ ಬಾಗಿಲ ಬಳಿ ಕೂತು ಬರುತ್ತಾರೆ. ಗೆದ್ದು ಬಂದ ಮೇಲೆ ಸೋಲಿನ ಕತೆ ಹೇಳುವುದು ಸುಲಭ. ನಮ್ಮೂರವರೇ ಆದ ಮಲ್ಲಿಕಾರ್ಜುನ ಖರ್ಗೆ ಅವರಿಗೆ 'ಸೋಲಿಲ್ಲದ ಸರದಾರ' ಎಂದು ಹೆಸರಿತ್ತು. 2019ರಲ್ಲಿ ಮೊದಲ ಸಲ ಚುನಾವಣೆ ಸೋತರು, 2022ರಲ್ಲಿ ಇಡೀ ಪಕ್ಷಕ್ಕೇ ಅಧ್ಯಕ್ಷರಾದರು. ಮಿಲ್ಲಿನ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರರಾಗಿದ್ದವರು ಅವರು. ಅದೇ ಮಿಲ್ಲಿನಲ್ಲಿ ಕೆಲಸ ಕಳಕೊಂಡ ಕಾರ್ಮಿಕನಿಗೆ ಸೋಲಿನ ಆಚೆ ಅಂಥ ಕುರ್ಚಿ ಕಾದಿರಲಿಲ್ಲ.

2025ರ ಅದೇ ಮೇ ತಿಂಗಳಲ್ಲಿ ಬಾಗಲಕೋಟೆಯ ಒಂದು ಮನೆಯ ಸುದ್ದಿ ಎಲ್ಲ ಪೇಪರಿನಲ್ಲಿ ಬಂತು. ಹುಡುಗ ಎಸ್ಸೆಸ್ಸೆಲ್ಸಿಯ ಆರೂ ವಿಷಯದಲ್ಲಿ ಫೇಲು. ಅಪ್ಪ ಅಮ್ಮ ಬೈಯುವ ಬದಲು ಕೇಕ್ ತರಿಸಿ ಕತ್ತರಿಸಿ, ಪರೀಕ್ಷೆಯಲ್ಲಿ ಫೇಲಾದರೇನು, ಬದುಕಿನಲ್ಲಿ ಅಲ್ಲವಲ್ಲ ಎಂದು ಧೈರ್ಯ ಹೇಳಿದರು. ದೊಡ್ಡ ಮನಸ್ಸಿನವರು, ಎರಡು ಮಾತಿಲ್ಲ. ಫಲಿತಾಂಶದ ದಿನ ಬಾವಿ, ರೈಲು ಹಳಿ ಹುಡುಕಿಕೊಂಡು ಹೋಗುವ ಮಕ್ಕಳ ಸುದ್ದಿಯ ಪಕ್ಕದಲ್ಲಿ ಆ ಕೇಕಿನ ಫೋಟೋ ನೋಡಿ ನನ್ನ ಜೀವವೂ ತಣ್ಣಗಾಯಿತು.

ಆದರೆ ಅದನ್ನು ಓದಿ ಹೇಳಿದಾಗ ನಮ್ಮ ಮನೆಗೆ ಕಸಮುಸುರೆಗೆ ಬರುವ ತಾಯಿ ಬಾಂಡೆ ತಿಕ್ಕುವುದು ಬಿಟ್ಟು ತಲೆಯೆತ್ತಿದಳು. "ಗಂಡ ಹುಡುಗ ನೋಡ್ರಿ ಅಕ್ಕೋರ" ಎಂದು ನನ್ನ ಹೆಂಡತಿಗೆ ಹೇಳಿ ಮತ್ತೆ ತಿಕ್ಕತೊಡಗಿದಳು. ಆಕೆಯ ಮಗಳು ಆ ವರ್ಷ ಇಂಗ್ಲಿಷಿನಲ್ಲಿ ಫೇಲಾಗಿದ್ದಳು. ಅಂಥ ಹುಡುಗಿಗೆ ಕೇಕ್ ತರುವವರಿಲ್ಲ, ವಾರದೊಳಗೆ ವರನ ಕಡೆಯವರು ಬರುತ್ತಾರೆ. ಆ ಮನೆಯಲ್ಲಿ ಮೂವತ್ತೈದು ಅಂದರೆ ಎರಡು ವರ್ಷದ ಬಿಡುವು. ಪಿಯುಸಿ ಸೇರಿದರೆ ಮದುವೆ ಮುಂದಕ್ಕೆ ಹೋಗುತ್ತದೆ, ನರ್ಸಿಂಗ್ ಸೇರಿದರೆ ಇನ್ನಷ್ಟು ಮುಂದಕ್ಕೆ. ಆ ಹುಡುಗಿಗೆ 'ಅಂಕದಲ್ಲಿ ಏನಿದೆ' ಎಂದು ಲಲಿತವಾಗಿ ಹೇಳುವಷ್ಟು ಧೈರ್ಯ ನನಗಿಲ್ಲ. ಪುಣ್ಯಕ್ಕೆ ಆ ವರ್ಷ ಮೂರು ಪರೀಕ್ಷೆ ಇದ್ದವು; ಸಪ್ಲಿಮೆಂಟರಿ ಎಂಬ ಕಳಂಕದ ಹೆಸರು ತೆಗೆದು ಪರೀಕ್ಷೆ ಒಂದು, ಎರಡು, ಮೂರು ಎಂದಿದ್ದರು. ಎರಡನೆಯದರಲ್ಲಿ ಹುಡುಗಿ ಮೂವತ್ತೆಂಟು ತೆಗೆದಳು. ಪೇಢೆ ಕೊಡಲು ಬಂದಾಗ ತಾಯಿಯ ನಡಿಗೆಯೇ ಬದಲಾಗಿತ್ತು. ಜಿಲ್ಲೆಯ ಪಟ್ಟಿಯಲ್ಲಿ ಆ ಮೂವತ್ತೆಂಟು ಎಲ್ಲಿ ಕಾಣಬೇಕು!

ಈಗ ಆ ಹುಡುಗಿ 371ಜೆ ಸರ್ಟಿಫಿಕೇಟಿನ ಸಾಲಿನಲ್ಲಿ ನಿಂತಿದ್ದಾಳೆ. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿದೆ. ಹಿಂದುಳಿದಿದ್ದೇವೆ ಎಂಬುದಕ್ಕೆ ಸರಕಾರ ಮೊಹರು ಹಾಕಿ ಕೊಟ್ಟ ಕಾಗದವದು. ಆ ಕಾಗದದಿಂದಲೇ ಎಷ್ಟೋ ಮಕ್ಕಳು ಮುಂದೆ ಹೋದರು. ನಮ್ಮ ಕಡೆ ಇಂಥ ವಿಚಿತ್ರಕ್ಕೇನೂ ಬರವಿಲ್ಲ.

ವಿಚಿತ್ರ ಎಂದೆ. ಈ ಊರು ಯಾರ ಹೆಸರು ಹೇಳಿ ದಿನ ಶುರುಮಾಡುತ್ತದೆ ಗೊತ್ತಲ್ಲ? ಶರಣಬಸಪ್ಪನದು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ರೈತ. ಹಕ್ಕಿ ಓಡಿಸಲು ಹೊಲಕ್ಕೆ ಕಳಿಸಿದರೆ ಹಕ್ಕಿಗಳು ತಿಂದು ದಣಿದಾವೆಂದು ಕುಡಿಯಲು ನೀರಿಟ್ಟರಂತೆ. ಇವತ್ತು ಅಂಥ ಮಗನನ್ನು ಯಾರಾದರೂ ಹೊಲ ಕಾಯಲು ಇಟ್ಟುಕೊಂಡಾರೇ? ಕೆಲಸದ ಲೆಕ್ಕದಲ್ಲಿ ಪೂರಾ ಫೇಲು. ಆದರೂ ಆ ಹೆಸರಿನಲ್ಲಿ ಗುಡಿ, ದಾಸೋಹ, ಕೆರೆ, ಸಾಲಿ, ಕಾಲೇಜು, 2017ರಿಂದ ವಿಶ್ವವಿದ್ಯಾಲಯ ಕೂಡ ಇದೆ. ಹೋಳಿ ಮುಗಿದು ಐದನೇ ದಿನದ ತೇರಿಗೆ ಹೈದರಾಬಾದಿನಿಂದ ಸೊಲ್ಲಾಪುರದವರೆಗಿನ ಜನ ನೆರೆಯುತ್ತಾರೆ. ಪರೀಕ್ಷೆ ಹತ್ತಿರ ಬಂದರೆ ಮಕ್ಕಳು ಹಾಲ್ ಟಿಕೆಟ್ ಹಿಡಿದು ಆ ಗುಡಿಗೆ ಬರುತ್ತಾರೆ. ಕಾಳನ್ನು ಎಣಿಸದೆ ಹಕ್ಕಿಗೆ ಬಿಟ್ಟವನ ಮುಂದೆ ನಿಂತು 'ಎರಡು ಮಾರ್ಕ್ಸ್ ಹೆಚ್ಚು ಹಾಕಿಸಪ್ಪಾ' ಎಂದು ಬೇಡುವುದು ನಮ್ಮ ಭಕ್ತಿಯ ಸೊಗಸು.

ಪಾಸು ಫೇಲಿನ ಇಂಥದೇ ಇನ್ನೊಂದು ವಿಚಿತ್ರವಿದೆ. 1916ರಲ್ಲಿ ಇದೇ ಊರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದರು. "ಕ್ಯಾಲೆಂಡರ್ ಚಿತ್ರವೂ ಒಂದು ಕಲೆಯೇ?" ಎಂದು ಮೂಗೆಳೆಯುವವರು ಯಾವ ಕಾಲಕ್ಕೂ ಇದ್ದಾರೆ. ಅಂಥವರ ಮನೆಯ ಗೋಡೆಯ ಮೇಲೂ ಅವರ ರಾಧೆಯೋ ಕೃಷ್ಣನೋ ನೇತಾಡುತ್ತಿದ್ದಿರಬೇಕು.

ಇರಲಿ, ಮಾಮಾನ ಫೋನಿಗೆ ಬರುತ್ತೇನೆ. ಫೋನಿನಲ್ಲಿ ಬಗೆಹರಿಯುವ ಮಾತಲ್ಲ ಎಂದು ಆ ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ. ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ್ ಕ್ರಾಸ್ ದಾಟಿದರೆ ಕಲಬುರಗಿಯ ಕಪ್ಪು ಎರೆಭೂಮಿ, ತೊಗರಿ ಹೊಲ ಮುಗಿದು ಮಣ್ಣು ಕೆಂಪಾಗತೊಡಗುತ್ತದೆ, ನೆಲ ಏರಿಳಿಯತೊಡಗುತ್ತದೆ. ಈ ಗುಡ್ಡಗಳ ಮಡಿಲಿನ ತೋಟಗಳದ್ದೇ ಕಮಲಾಪುರದ ಕೆಂಪು ಬಾಳೆ. ಸಿಪ್ಪೆ ಕೆಂಪು, ಒಳಗೆ ಕೆನೆಬಣ್ಣ. ಬೇರೆ ಬಾಳೆ ವರ್ಷಕ್ಕೆ ಕೈಗೆ ಬಂದರೆ ಇದಕ್ಕೆ ಹದಿನೆಂಟು ತಿಂಗಳು ಬೇಕು. ನೀರೂ ಜಾಸ್ತಿ, ತಿಪ್ಪೆ ಗೊಬ್ಬರವೂ ಜಾಸ್ತಿ, ಆಳೂ ಜಾಸ್ತಿ, ಹೀಗಾಗಿ ರೊಕ್ಕವೂ ಜಾಸ್ತಿ. ಸಾಹುಕಾರರ ಹಣ್ಣೆಂದೇ ಹೆಸರು. ಭೌಗೋಳಿಕ ಸೂಚಿಕೆ, ಜಿಐ ಎನ್ನುತ್ತಾರಲ್ಲ, ಆ ಮಾನ್ಯತೆಯೂ ಇದಕ್ಕೆ ಸಿಕ್ಕಿದೆ. ನಮ್ಮ ಇಡೀ ಬಂಧುಬಳಗದಲ್ಲಿ ಕೇಂದ್ರ ಸರಕಾರದ ಸರ್ಟಿಫಿಕೇಟ್ ಪಡೆದದ್ದು ಮಾಮಾನ ಬಾಳೆ ಒಂದೇ.

ಆದರೆ ಮಾಮಾನ ತೋಟದಲ್ಲಿ ಕೆಂಪು ಬಾಳೆ ಈಗ ಒಂದು ಮೂಲೆಗೆ ಸರಿದಿದೆ. ಉಳಿದದ್ದೆಲ್ಲ ಜಿ-9, ಲ್ಯಾಬಿನಲ್ಲಿ ತಯಾರಾದ ಟಿಶ್ಯೂ ಸಸಿ.

"ಯಾಕ ಮಾಮಾ, ಸರ್ಟಿಫಿಕೇಟ್ ಇದ್ದ ಬಾಳಿ ಬಿಟ್ಟು?"

"ಸರ್ಟಿಫಿಕೇಟ್ ಇದ್ದವರಿಗಿ ನೌಕರಿ ಎಲ್ಲದ ತಮ್ಮಾ? ಇದು ಡಬಲ್ ಡಿ.ಎಡ್. ಮಾಡಿ ಮನ್ಯಾಗ ಕುಂತದ. ಆ ಜಿ-9 ನೋಡು, ಏನೂ ಕಲಿತಿಲ್ಲ, ವರ್ಷ ತುಂಬೂದರಾಗ ಪಗಾರ ತಂದು ಕೈಯಾಗ ಇಡ್ತದ."

ಹಾಗಿದ್ದರೆ ಕೆಂಪು ಬಾಳೆಯನ್ನು ಪೂರ್ತಿ ಯಾಕೆ ಕಿತ್ತಿಲ್ಲ ಎಂದು ಕೇಳಲಿಲ್ಲ. ಅವನು ಒಂದು ಹಣ್ಣು ಸುಲಿದು ಕೈಗಿಟ್ಟ. ಬಾಯಿ ತುಂಬಿದ್ದರಿಂದ ಪ್ರಶ್ನೆ ಒಳಗೇ ಉಳಿಯಿತು.

ಮಾಮಾನ ಚಿಂತೆ ಬೇರೆಯೇ ಇತ್ತು. ಅವನ ಕಿರಿಯ ಮಗನಿಗೆ ಮೂವತ್ತೆರಡು, ಕನ್ಯೆ ಸಿಕ್ಕಿಲ್ಲ. ಹುಡುಗ ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಇಳಿದವನು. ಬಂದ ಬೀಗರು ಬಾಳೆಹಣ್ಣು ತಿಂದು, ಚೀಲ ತುಂಬಿಕೊಂಡು, "ಹುಡುಗ ಎಲ್ಲಾರ ಆಫೀಸಿಗಿ ಹೋಗ್ತಿದ್ದರ..." ಎಂದು ಎದ್ದು ಹೋಗುತ್ತಾರೆ. ಓಣಿಯ ಇನ್ನೊಬ್ಬ ಹುಡುಗ ಹೊರಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್. ಪಗಾರ ಮೂರು ತಿಂಗಳಿಗೊಮ್ಮೆ ಬರುತ್ತದೆ, ಆದರೆ ಕೊರಳಲ್ಲಿ ಐಡಿ ಕಾರ್ಡು ದಿನಾ ಇರುತ್ತದೆ. ಅವನ ಮದುವೆಯಾಗಿ ಎರಡು ವರ್ಷ. "ಇವಂಗ ಒಂದು ಟ್ಯಾಗ್ ಮಾಡಿಸಿ ಕೊರಳಾಗ ಹಾಕಿ ಗೊನಿ ಕಡಿಯಾಕ ಕಳಸ್ಬೇಕಂತ ಮಾಡೀನಿ" ಎಂದ ಮಾಮಾ. ಅತ್ತೆ ಒಳಗಿನಿಂದಲೇ "ಮದಲ ಅಪ್ಪ ಮೆಟ್ರಿಕ್ ಫೇಲು ಅನ್ನೂದು ಬೀಗರ ಮುಂದ ಹೇಳೂದು ಬಿಡ್ರಿ" ಎಂದಳು.

ಫೋನಿನ ಗುಟ್ಟು ಆಗ ತಿಳಿಯಿತು. ಬೀಗರ ಮುಂದೆ ತೋರಿಸಲು ಮಾಮಾನಿಗೆ ಪಾಸಿನ ಕಾಗದ ಬೇಕಾಗಿತ್ತು. ಕಬ್ಬಿಣದ ಪೆಟ್ಟಿಗೆಯಿಂದ 1979ರ ಮಾರ್ಕ್ಸ್ ಕಾರ್ಡು ಹೊರಗೆ ಬಂತು. ಮಡಿಕೆ ಮಡಿಕೆಯಲ್ಲಿ ಹರಿದಿತ್ತು, ಗಣಿತದ ಸಾಲು ಮಾತ್ರ ಕಲ್ಲಿನ ಹಾಗೆ ಗಟ್ಟಿ. ಮರುದಿನ ಇಬ್ಬರೂ ಕಲಬುರಗಿಗೆ ಬಂದು ಸಂಬಂಧಪಟ್ಟ ಕಚೇರಿಗೆ ಹೋದೆವು. ಅಲ್ಲಿದ್ದ ಗುಮಾಸ್ತರು ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಗೌರವದಿಂದ ನೋಡಿದರು. "ಕಾಕಾ, ಈ ಕಾಯ್ದೆ ಹಿಂದಕ್ಕ ನಡೆಯಂಗಿಲ್ರಿ. ಮುಂದಕ್ಕಷ್ಟ. ನೀವು ಪಾಸ್ ಆಗಬೇಕಂದ್ರ ಖಾಸಗಿ ಅಭ್ಯರ್ಥಿ ಅಂತ ಫಾರ್ಮ್ ತುಂಬಿ ಹೊಸ್ದಾಗಿ ಬರೀಬೇಕ್ರಿ."

"ಪಾಸ್ ಆಗಿದ್ದೂ ತಿರಗಿ ಬರೀಬೇಕೇನು?"

"ಹೌದ್ರಿ. ಆಗಿನ ಪುಸ್ತಕ ಈಗ ಎಲ್ಲವ?"

ನಾನು ಇದು ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಹೊರಗೆ ಬಂದು ಮಿರ್ಚಿ ಭಜಿ, ಸುಸಲಾ ತಿಂದೆವು. ಎರಡನೇ ಭಜಿ ಮುಗಿಯುವ ಹೊತ್ತಿಗೆ ಮಾಮಾ ಬಾಯಿ ಒರೆಸಿಕೊಂಡು ಕೇಳಿದ: "ಮೂರು ಪರೀಕ್ಷಾ ಅವ ಅಂದಿಯಲ್ಲ, ಎರಡನೇದು ಯಾವಾಗ ಬರ್ತದ? ಮೊದಲನೇದಕ್ಕ ಗೊನಿ ಕಡಿಯೂ ಹಂಗಾಮ ಇರ್ತದ ನಂದು."

ಮುಂದಿನ ಸಲ ನಾನು ಕಮಲಾಪುರಕ್ಕೆ ಹೋದಾಗ ಪಡಸಾಲೆಯಲ್ಲಿ ಟೀಪಾಯಿ ಹಾಕಿ, ಗಣಿತದ ಪುಸ್ತಕ ತೆರೆದು ಮಾಮಾ ಕೂತಿದ್ದ. ಎದುರಿಗೆ ಹಿರಿಯ ಮಗನ ಮಗಳು, ಒಂಬತ್ತನೇ ತರಗತಿ, ಕೈಯಲ್ಲಿ ಅಡಿಗೋಲು. ಬದಿಗೆ ಕುರ್ಚಿಯಲ್ಲಿ ದೊಡ್ಡ ಮಾಮಾ, ಮಿಲ್ಲಿನ ದಿನಗಳ ಗತ್ತಿನಲ್ಲಿ ಕಿಸೆಗೆ ಪೆನ್ನು ಸಿಕ್ಕಿಸಿಕೊಂಡು, ಮೇಲ್ವಿಚಾರಣೆಗೆ.

"ತಮ್ಮಾ, ನೀ ಬಂದಿ ಚಲೋ ಆಯ್ತು" ಎಂದ ಮಾಮಾ. "ಈಕಿ ಭಾಳ ಸ್ಟ್ರಿಕ್ಟ್ ಅದಾಳ. ತ್ರಿಕೋನಮಿತಿ ಬಿಡೂಣು ಅಂದ್ರ ಬಿಡವೊಲ್ಲಳು. ಮೂವತ್ತು ಬಂದ್ರ ಸಾಕಂತ ಸರಕಾರನ ಹೇಳ್ಯದ, ಈಕಿಗಿ ಸಾಲಂಗಿಲ್ಲಂತ."

"ಮುತ್ಯಾ, ಮಾತು ಸಾಕು" ಎಂದಳು ಹುಡುಗಿ. "ಮೂರನೇ ಲೆಕ್ಕ. ಮತ್ತ ಏಳು ಗಂಟೆಗಿ ಸೀರಿಯಲ್ ಅಂತ ಏಳೂ ಹಂಗಿಲ್ಲ."

"ಇವತ್ತೊಂದಿನ ಬಿಡವ್ವಾ, ಇವತ್ತ ಆಕಿ ಗಂಡ ಜೈಲಿಂದ ಹೊರಗ ಬರ್ತಾನ."

"ನಾಳಿಗಿ ನಾ ಹೇಳ್ತೀನಿ, ಬಂದನೋ ಇಲ್ಲೋ ಅಂತ. ಮೂರನೇ ಲೆಕ್ಕ."

ಮಾಮಾ ನನ್ನ ಮುಖ ನೋಡಿದ. ನಾನು ಅತ್ತೆಗೆ ಚಾ ಕೇಳುವ ನೆಪದಲ್ಲಿ ಒಳಗೆ ಹೋದೆ.